ನಾಲ್ಕೈದು ವರ್ಷದ ಮಕ್ಕಳಿಗೆ ದೇಹದ ಬಗ್ಗೆ ಹೇಗೆ ಹೇಳಿಕೊಡುವುದು?

ಕಣ್ಣು, ಮೂಗು, ಕಿವಿ ತೋರಿಸುವುದು ಈ ವಯಸ್ಸಿಗೆ ಬಂದಿರುತ್ತದೆ. ಈಗ ಅವರ ಕುತೂಹಲವೆಲ್ಲ ಒಳಗಿನದು: ತಿಂದ ಇಡ್ಲಿ ಎಲ್ಲಿ ಹೋಯಿತು, ಎದೆ ಯಾಕೆ ಡಬಡಬ ಅನ್ನುತ್ತದೆ? ಗೋಡೆಯ ಚಾರ್ಟಿಗಿಂತ ಮಗುವಿನ ಮೈಯೇ ಒಳ್ಳೆಯ ಪಾಠ.

ನಾನಾದರೆ ಹೃದಯದಿಂದ ಶುರು ಮಾಡುತ್ತೇನೆ. ಮುಷ್ಟಿ ಹಿಡಿಯಲು ಹೇಳಿ, 'ನಿನ್ನ ಹೃದಯ ಹೆಚ್ಚುಕಡಿಮೆ ಇಷ್ಟು ದೊಡ್ಡದು' ಅನ್ನಿ. ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ, ನಿಮ್ಮ ಎದೆಗಿಟ್ಟು ಬಡಿತ ಕೇಳಿಸಿ. 1816ರಲ್ಲಿ ಫ್ರಾನ್ಸಿನ ಡಾಕ್ಟರ್ ಲೆನೆಕ್ ಹೀಗೆ ಕಾಗದ ಸುತ್ತಿ ಕೇಳಿದ್ದರಿಂದಲೇ ಸ್ಟೆತಸ್ಕೋಪ್ ಹುಟ್ಟಿದ್ದು! ಆಮೇಲೆ ನೀವೂ ಮಗುವಿನ ಜೊತೆ ಒಂದು ಸುತ್ತು ಓಡಿ ಬಂದು ಮತ್ತೆ ಕೇಳಿಸಿ. ಬಡಿತ ಜೋರಾಗಿದ್ದು ಅದಕ್ಕೇ ಗೊತ್ತಾಗುತ್ತದೆ. ಯಾಕೆ ಅಂದರೆ, 'ಓಡುವ ಕಾಲಿಗೆ ಜಾಸ್ತಿ ರಕ್ತ ಬೇಕು' ಎಂದರೆ ಸಾಕು.

ಹಾಲುಹಲ್ಲು ಒಟ್ಟು 20. ಕನ್ನಡಿ ಮುಂದೆ ಎಣಿಸಲಿ. ದೊಡ್ಡವರ ಮೈಯಲ್ಲಿ 206 ಮೂಳೆ ಅಂತ ಸುಮ್ನೆ ಉರು ಹೊಡೆಸಬೇಡಿ, ಮೊಣಕೈ ಮಡಿಸಿ ಕೀಲು ತೋರಿಸಿ.

ಇನ್ನು ನಾವೆಲ್ಲ ನುಂಗಿಕೊಳ್ಳುವ ವಿಷಯ. ಶಿಶ್ನ, ಯೋನಿ ಎಂಬ ಹೆಸರುಗಳನ್ನೂ ಸ್ನಾನ ಮಾಡಿಸುವಾಗ ಸಹಜವಾಗಿ ಹೇಳಿ. 'ಶೇಮ್ ಶೇಮ್' ಅಂತ ಕಲಿಸಿದರೆ, ನೋವಾದಾಗ ಅಥವಾ ಯಾರಾದರೂ ಮುಟ್ಟಿದಾಗ ಮಗು ಬಾಯಿ ಬಿಡುವುದು ಕಷ್ಟ, ಅಲ್ವಾ? ಸ್ನಾನ ಮಾಡಿಸುವವರು ತೊಳೆಯಬಹುದು, ಅಮ್ಮನೋ ಅಪ್ಪನೋ ಜೊತೆಗಿದ್ದಾಗ ಡಾಕ್ಟರ್ ನೋಡಬಹುದು. ಬೇರೆ ಯಾರು ಮುಟ್ಟಿ 'ಇದು ಗುಟ್ಟು' ಎಂದರೂ, ಅವರು ಮನೆಯವರೇ ಆದರೂ, ನಿಮಗೆ ಬಂದು ಹೇಳಬೇಕು ಎಂದು ತಿಳಿಸಿ. ಅಂಥದ್ದು ನಡೆದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.