ಸ್ವಿಫ್ಟ್‌ಗೆ ಲೋವರಿಂಗ್ ಸ್ಪ್ರಿಂಗಾ, ಕಾಯಿಲ್‌ಓವರಾ?

ದಿನಾ ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದು ಹೋಗುವ ಸ್ವಿಫ್ಟ್‌ಗೆ ಗಾಡಿಯನ್ನು 30 ಎಂಎಂ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸಲಾ, ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಸೆಟ್) ಒಳ್ಳೆಯದಾ ಅಂತ ಕೇಳಿದ್ದೀರಿ. ಮಳೆಗಾಲದ ಹೊಂಡ ಲೆಕ್ಕಕ್ಕೆ ತಗೊಂಡರೆ ಎರಡೂ ಬೇಡ ಅನ್ನಬೇಕು, ಆದರೆ ನೀವು ಹಾಕಿಸಿಯೇ ಹಾಕಿಸ್ತೀರಿ ಅಲ್ವಾ?

2018ರ ಮಾಡೆಲ್‌ನ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ) 163 ಎಂಎಂ, ಅದೂ ಖಾಲಿ ಗಾಡಿಯಲ್ಲಿ. 30 ಹೋದರೆ 133 ಉಳಿಯಿತು, ನಾಲ್ಕು ಜನ ಕೂತು ಡಿಕ್ಕಿ ತುಂಬಿದರೆ ಇನ್ನೂ ಕಡಿಮೆ, ಆಮೇಲೆ ಊರಿನ ಹಂಪ್‌ಗಳು ಮೊದಲು ಎಂಜಿನ್ ತಳದ ಆಯಿಲ್ ಚೇಂಬರನ್ನೇ ಮಾತಾಡಿಸುತ್ತವೆ.

ಕಾಯಿಲ್‌ಓವರ್‌ನಲ್ಲಿ ಎತ್ತರ ಬದಲಿಸಬಹುದು, ನಿಜ. ಆದರೆ ಅದರ ಥ್ರೆಡ್ ಹೊರಗೇ ಇರುತ್ತದೆ. ಕರಾವಳಿಯ ಉಪ್ಪುಗಾಳಿ, ಮಳೆ, ಕೆಸರು ಸೇರಿ ಎತ್ತರ ಹೊಂದಿಸುವ ಕಾಲರ್ (ರಿಂಗ್) ಹಿಡಿದುಕೊಂಡರೆ ತಿರುಗಿಸೋಕೇ ಆಗಲ್ಲ. ತೊಳೆದು ಗ್ರೀಸ್ ಹಚ್ಚುವ ತಾಳ್ಮೆ ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ. ಅಗ್ಗದ ಸೆಟ್ ಅಂತೂ ಬೇಡವೇ ಬೇಡ, ಕಂಪನಿ ಶಾಕ್‌ಗಿಂತ ಕೆಟ್ಟದಾಗಿ ಕುಕ್ಕುತ್ತವೆ.

ನನ್ನ ಮಾತು ಕೇಳಿದರೆ 20-25 ಎಂಎಂ ಇಳಿಸುವ ಸ್ಪ್ರಿಂಗ್ ಸಾಕು. ಹಳೇ ಶಾಕ್ ಸೋರುತ್ತಿದ್ದರೆ ಅದರ ಮೇಲೆ ಹಾಕಿಸಬೇಡಿ. ಗಟ್ಟಿ ಸ್ಪ್ರಿಂಗ್‌ನ ಕುಣಿತ ತಡೆಯೋದು ಶಾಕ್‌ನ ಕೆಲಸ, ಅದೇ ಸತ್ತಿದ್ದರೆ ತಿರುವಿನಲ್ಲಿ ಟಯರ್ ನೆಲ ಬಿಡುತ್ತದೆ. ಇರುವ ಸ್ಪ್ರಿಂಗ್ ಕತ್ತರಿಸಿ ಇಳಿಸಿಕೊಡ್ತೀನಿ ಅನ್ನುವ ಗ್ಯಾರೇಜ್‌ನಿಂದ ವಾಪಸ್ ಬನ್ನಿ. ಹಾಕಿಸಿದ ಮೇಲೆ ಸ್ವಲ್ಪ ದಿನ ಓಡಿಸಿ, ಸ್ಪ್ರಿಂಗ್ ಕೂತ ನಂತರ ಇನ್ನೊಮ್ಮೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಇನ್ಶೂರೆನ್ಸ್‌ನವರಿಗೂ ಮೊದಲೇ ಹೇಳಿಬಿಡಿ.

ಟಯರ್ ಸೈಜ್ ಎಷ್ಟು ಅಂತ ನೀವು ಬರೆದಿಲ್ಲ, ಅದನ್ನೂ ಹೇಳಿ.