ಹೊಸ ರೆಸಿಡೆಂಟ್‌ಗಳು ಮತ್ತು ಫೆಲೋಗಳ ಸ್ವಾಗತ ಸಮಾರಂಭವನ್ನು ಅವರು ಮರೆಯದಂತೆ ಮಾಡುವುದು ಹೇಗೆ?

ನಾನು ನಡೆಸಿದ ಸ್ವಾಗತ ಸಮಾರಂಭವನ್ನು ಯಾರೂ ಮರೆತಿಲ್ಲ. ನಾನಂತೂ ಮರೆತಿಲ್ಲ.

ಚೀಫ್ ರೆಸಿಡೆಂಟ್, ಅಂದರೆ ತರಬೇತಿಯಲ್ಲಿರುವ ವೈದ್ಯರ ಮುಖ್ಯಸ್ಥ, ಆದ ವರ್ಷ ಈ ಪ್ರಶ್ನೆ ಬರೆದು ಕಳಿಸಿದ ನಿಮ್ಮ ಹಾಗೆಯೇ ಒಂದು ತಿಂಗಳು ಮೊದಲೇ ತಯಾರಿಗೆ ಇಳಿದಿದ್ದೆ. ಮುಖ್ಯ ಅತಿಥಿ ಯಾರು, ಉಡುಗೊರೆ ಏನು, ಹಿರಿಯರ ಭಾಷಣ ಎಷ್ಟು ನಿಮಿಷ ಎಂದು ನೀವು ಕೇಳಿರುವುದೆಲ್ಲ ನನ್ನ ಹಳೆಯ ಡೈರಿಯಿಂದ ಎತ್ತಿದ ಹಾಗಿದೆ. ತಜ್ಞತೆಯ ತರಬೇತಿಗೆ ಬಂದ ಹನ್ನೊಂದು ಮಂದಿ ರೆಸಿಡೆಂಟ್‌ಗಳು, ಅದನ್ನು ಮುಗಿಸಿ ಮುಂದಿನ ತರಬೇತಿಗೆ ಬಂದ ಇಬ್ಬರು ಫೆಲೋಗಳು, ಅರವತ್ತು ದಾಟಿದ ಸ್ಲೈಡ್‌ಗಳು. ಕೊನೆಯಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಎಲ್ಲರೂ ಆಕಳಿಸುತ್ತಿದ್ದರು. ಸ್ವಲ್ಪ ನಗಿಸೋಣ ಎಂದು ಒಂದು ಪ್ರಸಂಗ ಹೇಳಿದೆ. ಹಿಂದಿನ ವರ್ಷ ಹೊಸಬನೊಬ್ಬ ರಾತ್ರಿ ಎರಡೂವರೆಗೆ ನನ್ನನ್ನು ಎಬ್ಬಿಸಿ, 'ಸರ್, ರೋಗಿಗೆ ತಲೆನೋವು, ಪ್ಯಾರಸಿಟಮಾಲ್ ಕೊಡಲೇ?' ಎಂದು ಕೇಳಿದ್ದ. ಅವನ ನಡುಗುವ ದನಿಯನ್ನು ಅನುಕರಿಸಿದೆ. ನಿದ್ದೆಗಣ್ಣಿನಲ್ಲಿ ಚಪ್ಪಲಿ ತಡಕಾಡಿದ ನನ್ನ ಪಾಡನ್ನೂ ಅಭಿನಯಿಸಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಮುಖ ಗಂಭೀರ ಮಾಡಿಕೊಂಡು, 'ಆದರೂ ಯಾವ ಹೊತ್ತಿಗಾದರೂ ಕರೆಯಿರಿ, ಸಂಕೋಚ ಬೇಡ' ಎಂದು ಮುಗಿಸಿದೆ.

ಅದಾಗಿ ಮೂರನೆಯ ರಾತ್ರಿ. ವಾರ್ಡಿನಲ್ಲಿ ಜಠರದ ಹುಣ್ಣಿನಿಂದ ರಕ್ತ ಸೋರಿ ಕಪ್ಪು ಮಲ ಹೋಗುತ್ತಿದ್ದ ರೋಗಿಯೊಬ್ಬರಿದ್ದರು. ಡ್ಯೂಟಿಯಲ್ಲಿದ್ದವಳು ಆ ಹನ್ನೊಂದು ಮಂದಿಯಲ್ಲಿ ಒಬ್ಬಳು. ಹತ್ತು ಗಂಟೆಗೆ ನಾಡಿ 96. ಹನ್ನೆರಡಕ್ಕೆ 108. ಎರಡಕ್ಕೆ 122. ಮೇಲಿನ ರಕ್ತದೊತ್ತಡ ಮಾತ್ರ 112ರಲ್ಲಿ ನಿಂತಿತ್ತು, ಹಿಮೋಗ್ಲೋಬಿನ್ ಕೂಡ 10ರ ಮೇಲೆಯೇ ಇತ್ತು. ಆ ಎರಡು ಅಂಕಿಗಳನ್ನು ನಂಬಿ ಆಕೆ ಸಲೈನ್ ಏರಿಸುತ್ತಾ ಕಾದಳು. ರಕ್ತ ಸೋರುವಾಗ ಮೊದಲು ಓಡುವುದು ನಾಡಿ. ಶೇಕಡಾ 30ರಷ್ಟು ರಕ್ತ ಹೋಗುವವರೆಗೂ ಒತ್ತಡ ಹೆಚ್ಚೇನೂ ಕುಸಿಯದೆ ನಿಲ್ಲಬಹುದು. ಹಿಮೋಗ್ಲೋಬಿನ್ ಅಂತೂ ಉಳಿದ ರಕ್ತ ತೆಳುವಾಗುವವರೆಗೆ ಸುಳ್ಳು ಸಮಾಧಾನ ಹೇಳುತ್ತಲೇ ಇರುತ್ತದೆ. ಇದೆಲ್ಲ ಆಕೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳೇ. ಮೂರು ನಲವತ್ತಕ್ಕೆ ಒತ್ತಡ 78ಕ್ಕೆ ಇಳಿದಾಗ ನನಗೆ ಕರೆ ಮಾಡಿದವರು ಸಿಸ್ಟರ್. ನಾನು ಮಲಗಿದ್ದ ಕೋಣೆ ಅದೇ ಮಹಡಿಯಲ್ಲಿತ್ತು.

ರೋಗಿ ಬದುಕಿದರು. ಎಂಡೋಸ್ಕೋಪಿ ಮಾಡಿ ರಕ್ತ ನಿಲ್ಲಿಸಿದೆವು. ಆದರೆ ಅಷ್ಟರಲ್ಲಿ ಮೂತ್ರಪಿಂಡಗಳು ಸೋತಿದ್ದವು, ಮೂರು ವಾರ ಡಯಾಲಿಸಿಸ್ ಬೇಕಾಯಿತು.

ಬೆಳಿಗ್ಗೆ ಕೇಸ್ ಶೀಟ್ ತೆರೆದರೆ 2.10ರ ಟಿಪ್ಪಣಿಯ ಕೆಳಗೆ ಸಣ್ಣ ಅಕ್ಷರದಲ್ಲಿ 'ಹಿರಿಯರಿಗೆ ತಿಳಿಸುವುದು?' ಎಂದಿತ್ತು. ಪ್ರಶ್ನಾರ್ಥಕ ಚಿಹ್ನೆಯ ಸಮೇತ. ಯಾಕೆ ಕರೆಯಲಿಲ್ಲ ಎಂದು ಕೇಳಿದೆ, ದನಿ ಸ್ವಲ್ಪ ಜೋರಾಗಿಯೇ ಇತ್ತು. 'ಇದೂ ಪ್ಯಾರಸಿಟಮಾಲ್ ಕರೆ ಆಗಿಬಿಟ್ಟರೆ ಎಂದು ಹೆದರಿದೆ ಸರ್' ಎಂದಳು. ಮೂರೇ ದಿನದಲ್ಲಿ ಹೊಸಬರ ನಡುವೆ ಅದೊಂದು ಪದವಾಗಿತ್ತು: ಪ್ಯಾರಸಿಟಮಾಲ್ ಕರೆ.

ಆ ಒಂದು ತಮಾಷೆಯನ್ನು ನಾನು ಎಷ್ಟು ಸಲ ಬಿಚ್ಚಿ ನೋಡಿದ್ದೇನೋ ಲೆಕ್ಕವಿಲ್ಲ. ಮೊದಮೊದಲು, ಸಂಕೋಚ ಬೇಡ ಎಂದು ಸ್ಪಷ್ಟವಾಗಿ ಹೇಳಿದ್ದೆನಲ್ಲ ಎಂದು ನನ್ನನ್ನೇ ಸಮರ್ಥಿಸಿಕೊಂಡೆ. ಹೇಳಿದ್ದು ನಿಜ. ಆದರೆ ಐದು ನಿಮಿಷ ಕುಣಿದು ನಗಿಸಿದ್ದು ಒಂದು, ಐದು ಸೆಕೆಂಡಿನಲ್ಲಿ ಹೇಳಿ ಮುಗಿಸಿದ್ದು ಇನ್ನೊಂದು. ಹೊಸಬರು ಮೊದಲ ವಾರ ಗಮನಿಸುವುದು ಇಲ್ಲಿ ಯಾರನ್ನು ನೋಡಿ ನಗುತ್ತಾರೆ ಎಂಬುದನ್ನು. ಆಮೇಲೆ, ನಾನು ನಕ್ಕಿದ್ದು ಹಿಂದಿನ ವರ್ಷದವನನ್ನು, ಇವಳನ್ನಲ್ಲ ಎಂದುಕೊಂಡೆ. ಅದೂ ನಿಲ್ಲಲಿಲ್ಲ, ಮುಂದಿನ ವರ್ಷದ ಭಾಷಣದಲ್ಲಿ ತಾನೇ ಪ್ರಸಂಗವಾಗುತ್ತೇನೆ ಎಂಬ ಲೆಕ್ಕ ಯಾರಿಗಾದರೂ ಬರುತ್ತದೆ. ನಾನು ಹೆಸರು ಹೇಳದಿದ್ದರೂ ಎರಡನೆಯ ಸಾಲಿನಲ್ಲಿ ಕುಳಿತಿದ್ದ ಅವನ ಕಡೆಗೆ ಅರ್ಧ ಸಭೆ ತಿರುಗಿ ನೋಡಿತ್ತು. ಎಲ್ಲಕ್ಕಿಂತ ನಾಚಿಕೆಯ ಸಂಗತಿ ತಿಂಗಳುಗಳ ಮೇಲೆ ನೆನಪಾಯಿತು. ಆ ತಲೆನೋವಿನ ರೋಗಿಗೆ ಯಕೃತ್ತು ಹಾಳಾಗಿ ಗಟ್ಟಿಯಾಗುವ ಸಿರೋಸಿಸ್ ಇತ್ತು. ಅಂಥವರಿಗೆ ದಿನಕ್ಕೆ 2 ಗ್ರಾಂ ಮೀರದಂತೆ ಪ್ಯಾರಸಿಟಮಾಲ್ ಕೊಡುವುದು ವಾಡಿಕೆ. ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ.

ಆದ್ದರಿಂದ ಸಮಾರಂಭ ಹೇಗಿರಬೇಕು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸ್ವಾಗತ ನಡೆಯುವುದು ಮೊದಲ ರಾತ್ರಿ, ವಾರ್ಡಿನಲ್ಲಿ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ಲಿಬ್ಬಿ ಜಿಯಾನ್ ತೀರಿಕೊಂಡ ಪ್ರಕರಣವನ್ನು ನೀವು ಕೇಳಿರುತ್ತೀರಿ. ರೆಸಿಡೆಂಟ್‌ಗಳ ದುಡಿಮೆಗೆ ವಾರಕ್ಕೆ 80 ಗಂಟೆಯ ಮಿತಿ ಬಂದದ್ದು ಅದರಿಂದ ಎಂದು ಎಲ್ಲರೂ ನೆನಪಿಡುತ್ತಾರೆ. ಆ ರಾತ್ರಿ ಕಿರಿಯರ ಪಕ್ಕದಲ್ಲಿ ಹಿರಿಯರು ಇರಲಿಲ್ಲ ಎಂಬುದು ಅದರ ಇನ್ನೊಂದು ಅರ್ಧ. ಆ ಸಾವಿನ ನಂತರ ನೇಮಕವಾದ ಬೆಲ್ ಸಮಿತಿ ಮೇಲ್ವಿಚಾರಣೆಯ ಬಗ್ಗೆಯೂ ಅಷ್ಟೇ ಒತ್ತಿ ಹೇಳಿತ್ತು. ಗಂಟೆ ಎಣಿಸುವುದು ಸುಲಭ, ಎದ್ದು ಹೋಗಿ ಪಕ್ಕದಲ್ಲಿ ನಿಲ್ಲುವುದು ಕಷ್ಟ. ಅದಕ್ಕೇ ಮೊದಲನೆಯದು ಉಳಿಯಿತು ಎಂದು ನನ್ನ ಅನುಮಾನ.

ಮರುವರ್ಷ ನಾವು ಭಾಷಣಗಳನ್ನು ಕೈಬಿಟ್ಟು ಒಂದು ಹಾಳೆ ಮುದ್ರಿಸಿದೆವು. 'ಬೇಕಾದರೆ ಕರೆಯಿರಿ' ಎಂಬ ಮಾತು ಅದರಲ್ಲಿಲ್ಲ. ನಾಡಿ 120 ದಾಟಿದರೆ, ಮೇಲಿನ ಒತ್ತಡ 90ಕ್ಕಿಂತ ಇಳಿದರೆ, ಹೊಸದಾಗಿ ಆಮ್ಲಜನಕ ಬೇಕಾದರೆ, ರೋಗಿಯ ಪ್ರಜ್ಞೆಯಲ್ಲಿ ವ್ಯತ್ಯಾಸ ಕಂಡರೆ, ಸಿಸ್ಟರ್ 'ಏನೋ ಸರಿಯಿಲ್ಲ' ಎಂದರೆ ಕರೆಯಲೇಬೇಕು. ಯೋಚಿಸುವ ಸ್ವಾತಂತ್ರ್ಯವನ್ನೇ ಕೊಡಲಿಲ್ಲ, ಕೊಟ್ಟರೆ ಅದು ಸಂಕೋಚದ ಪಾಲಾಗುತ್ತದೆ. ಮೊದಲ ಹದಿನೈದು ರಾತ್ರಿ ಹನ್ನೊಂದಕ್ಕೂ ಎರಡಕ್ಕೂ ಹಿರಿಯರೇ ಕರೆ ಮಾಡುವುದೆಂದು ನಿಯಮ ಮಾಡಿದೆವು. ಸಹೋದ್ಯೋಗಿಗಳು ಗೊಣಗಿದರು, ಗೊಣಗಲಿ. ಮುಖ್ಯ ಅತಿಥಿಯ ಹೊತ್ತಿನಲ್ಲಿ ಹೊಸಬರನ್ನು, ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ನಿಜವಾದ ಹ್ಯಾಂಡೋವರ್‌ಗೆ ನಿಲ್ಲಿಸಿದೆವು. ಐ-ಪಾಸ್ ಎಂಬ ಕ್ರಮಬದ್ಧ ಹ್ಯಾಂಡೋವರ್ ತಂದ 9 ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳು ಶೇಕಡಾ 23ರಷ್ಟು ಇಳಿದವೆಂದು 2014ರ ಅಧ್ಯಯನ ತೋರಿಸಿತ್ತು. ಯಾವ ಭಾಷಣದಿಂದ ಅಷ್ಟು ಇಳಿದೀತು?

ಫೆಲೋಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನಾನೂ ಹಾಗೆಯೇ ಮಾಡಿದ್ದೆ. ಅವರಿಗೆ ವಿದ್ಯೆ ಬರುತ್ತದೆ, ಕಟ್ಟಡ ಗೊತ್ತಿರುವುದಿಲ್ಲ. ಹೃದಯ ನಿಂತ ರೋಗಿಯ ಎದುರು, ಎದೆಗೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಎಲ್ಲಿದೆ ಎಂದು ಕೇಳಬೇಕಾಗಿ ಬಂದ ಫೆಲೋ ಒಬ್ಬರ ಮುಖ ನೋಡಿದ್ದೇನೆ. ರೆಸಿಡೆಂಟ್‌ಗಿಂತ ಅವರಿಗೆ ಕೇಳಲು ಹೆಚ್ಚು ನಾಚಿಕೆ. ಒಂದು ಗಂಟೆ ಕೈಹಿಡಿದು ಸುತ್ತಾಡಿಸಿ. ಗುರುತಿನ ಚೀಟಿ, ಪಾಸ್‌ವರ್ಡ್‌ಗಳನ್ನು ಹಿಂದಿನ ವಾರವೇ ಮುಗಿಸಿ.

ಆ ರಾತ್ರಿ ನನ್ನನ್ನು ಕರೆಯಲು ಹೆದರಿದ ಹುಡುಗಿ ಈಗ ಕನ್ಸಲ್ಟೆಂಟ್. ಕಳೆದ ವರ್ಷದ ಹಾಳೆಯನ್ನು ತಿದ್ದಿದವಳು ಅವಳೇ, ನಾಡಿಯ ಮಿತಿಯನ್ನು 110ಕ್ಕೆ ಇಳಿಸಿದ್ದಾಳೆ.

ಉಡುಗೊರೆ ಕೊಡಲೇಬೇಕೆಂದಿದ್ದರೆ ಡ್ಯೂಟಿ ಕೋಣೆಗೆ ಉದ್ದ ತಂತಿಯ ಮೊಬೈಲ್ ಚಾರ್ಜರ್ ಎರಡು ತೆಗೆದುಕೊಡಿ. ಹಿರಿಯರು ಮಲಗುವ ಹಾಸಿಗೆಯವರೆಗೆ ತಲುಪುವಷ್ಟು ಉದ್ದವಿರಲಿ.