ಪವರ್ ಆಂಪ್ ಮೊದಲ ಹಚ್ಚಬೇಕೋ, ಕಡಿಗೆ ಹಚ್ಚಬೇಕೋ?

ಪ್ರಶ್ನೆ: ಕಾಕಾ, ನಮ್ಮ ಅಪ್ಪ ಹಾಡು ಕೇಳಲು ಬಳಸುತ್ತಿದ್ದ ಸೆಟ್ ಈಗ ನನ್ನ ಕೈಗೆ ಬಂದಿದೆ. ವಾಲ್ಯೂಮ್ ಗುಂಡಿ ಇರುವ ಪ್ರೀಆಂಪ್ ಬೇರೆ, ಸ್ಪೀಕರಿಗೆ ಶಕ್ತಿ ಕೊಡುವ ಪವರ್ ಆಂಪ್ ಬೇರೆ. ಸಿಡಿ ಪ್ಲೇಯರ್ ಸೇರಿ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ಒಂದೇ ಸ್ವಿಚ್ಚಿನಿಂದ ಹಚ್ಚುತ್ತೇನೆ. ಹಚ್ಚಿದಾಗ, ಬಂದ್ ಮಾಡಿದಾಗ ಸ್ಪೀಕರಿನಿಂದ ‘ಧಪ್’ ಅಂತ ಸಪ್ಪಳ. ಇದರಿಂದ ಸ್ಪೀಕರ್ ಕೆಡುತ್ತದೆಯೇ?
– ಓದುಗ, ಬ್ರಹ್ಮಪುರ, ಕಲಬುರಗಿ

ಉತ್ತರ: ಕೆಡಬಹುದು ತಮ್ಮಾ. ಆ ‘ಧಪ್’ ಹೆಚ್ಚಾಗಿ ಹುಟ್ಟೋದು ಪ್ರೀಆಂಪಿನಾಗ, ಸ್ಪೀಕರಿಗೆ ಒದಿಯೋದು ಪವರ್ ಆಂಪ್. ಕರೆಂಟ್ ಕೊಟ್ಟ ಕೂಡ್ಲೆ ಪ್ರೀಆಂಪಿನಾಗ ಕರೆಂಟ್ ಕೂಡಿಡೋ ಕಂಡೆನ್ಸರ್ ತುಂಬಿಕೊಳ್ಳೋತನ ಅದರ ಔಟ್‌ಪುಟ್ಟಿನಾಗ ವೋಲ್ಟೇಜ್ ಹೊಯ್ದಾಡ್ತದ. ಆ ಹೊತ್ತಿನಾಗ ಪವರ್ ಆಂಪ್ ಎಚ್ಚರ ಇದ್ರ, ಅದನ್ನೇ ಇಪ್ಪತ್ತು–ಮೂವತ್ತು ಪಟ್ಟು ಮಾಡಿ ಕಳಿಸ್ತದ. ವೂಫರ್ ಅಂದ್ರ ದಪ್ಪ ದನಿಯ ದೊಡ್ಡ ಸ್ಪೀಕರ್, ಅದರ ಕೋನ್ ಒಮ್ಮೆಲೆ ಜಿಗೀತದ. ಬಂದ್ ಮಾಡಿದಾಗ ಪ್ರೀಆಂಪ್ ಮೊದಲ ಸಾಯ್ತದ, ಪವರ್ ಆಂಪಿನ ದೊಡ್ಡ ಕಂಡೆನ್ಸರಿನಾಗ ಮಾತ್ರ ಇನ್ನೂ ಜೀವ ಇರ್ತದ.

ಅದಕ್ಕ ಹಚ್ಚುವಾಗ ಪವರ್ ಆಂಪ್ ಕಡಿಗೆ, ಬಂದ್ ಮಾಡುವಾಗ ಅದೇ ಮೊದಲ. ನಡುವ ಅರ್ಧ ನಿಮಿಷ ಬಿಡು. ಪವರ್ ಆಂಪನ್ನ ಆ ಬೋರ್ಡಿನಿಂದ ಕಿತ್ತು ಗೋಡಿ ಸಾಕೆಟ್ಟಿಗೆ, ತನ್ನದೇ ಸ್ವಿಚ್ಚಿಗೆ ಹಾಕು. ವಾಲ್ಯೂಮ್ ಇಳಿಸಿದ್ರ ಸಾಕು ಅಂತ ಭಾಳ ಮಂದಿ ತಿಳ್ಕೊಂಡಾರ. ಇಳಿಸೋದು ಛಲೋನೇ, ಆದ್ರ ಎಷ್ಟೋ ಪ್ರೀಆಂಪಿನಾಗ ವಾಲ್ಯೂಮ್ ಗುಂಡಿ ದಾಟಿದ ಮ್ಯಾಲೆ ಇನ್ನೊಂದು ಹಂತ ಇರ್ತದ. ‘ಧಪ್’ ಅಲ್ಲಿಂದಲೇ ಹೊರಡ್ತದ. ಕೆಲವು ಆಂಪಿನಾಗ ಹಚ್ಚಿದ ನಾಲ್ಕೈದು ಸೆಕೆಂಡಿಗೆ ‘ಟಿಕ್’ ಅಂತದ. ರಿಲೇ ಅನ್ನೋ ತಾನೇ ಹತ್ತೋ ಸ್ವಿಚ್ ತಡಮಾಡಿ ಸ್ಪೀಕರ್ ಜೋಡಿಸ್ತದ. ನಿಂದು ಹಳೇದು, ಅದು ಇರ್ಲಿಕ್ಕಿಲ್ಲ.

ನಮ್ಮ ಕಡೆ ಸ್ವಿಚ್ಚಿಗಿಂತ ಕರೆಂಟಿನ ಕಾಟನೇ ಜಾಸ್ತಿ. ಒಂದು ಮೇ ತಿಂಗಳು, ಮಧ್ಯಾಹ್ನ ವಚನ ಕೇಳ್ಕೋತ ಕುಂತಿದ್ದೆ, ಕರೆಂಟ್ ಹೋತು. ಸೆಕಿ ತಾಳಲಾರದೆ ಬೇವಿನ ಗಿಡದ ಬುಡಕ ಹೋಗಿ ಮಲ್ಕೊಂಡೆ. ಸೆಟ್ ಹಚ್ಚಿದಂಗೇ ಇತ್ತು. ಕರೆಂಟ್ ಬಂತು, ಹೋತು, ಮತ್ತ ಬಂತು. ಪ್ರತಿ ಸಲ ಒಳಗ ‘ಧಪ್’. ನಮ್ಮಾಕಿ ಹುಡುಗರು ಬಾಗಿಲು ಬಡ್ಯಾಕತ್ತಾರ ಅಂತ ಬೈದ್ಲು. ಸಂಜೀಗೆ ನೋಡ್ತೀನಿ, ಎಡಗಡೆ ವೂಫರ್ ಕೊರಕೊರ ಅನ್ನಲಕತ್ತಿತ್ತು, ಕೋನ್ ಅಲುಗಿಸೋ ತಂತಿಯ ಕಾಯಿಲ್ ಜಾಗ ಬಿಟ್ಟಿತ್ತು. ಅಂದಿನಿಂದ ಕರೆಂಟ್ ಹೋದ್ರ ಮೊದಲ ಪವರ್ ಆಂಪಿನ ಸ್ವಿಚ್ ಆರಿಸ್ತೀನಿ, ಆಮ್ಯಾಲೆ ಬೀಸಣಿಕಿ ಹುಡುಕ್ತೀನಿ.

ಇಷ್ಟು ಮಾಡಿದ್ರೂ ಸಪ್ಪಳ ನಿಲ್ಲದಿದ್ರ ಪವರ್ ಆಂಪ್ ಮ್ಯಾಲೇ ಸಂಶಯ. ಸೂಪರ್ ಮಾರ್ಕೆಟ್ ಕಡೆ ಹೋದಾಗ ವೋಲ್ಟೇಜ್ ಅಳೆಯೋ ಒಂದು ಮೀಟರ್ ತಗೊ. ಎಲ್ಲಾ ಆರಿಸಿ ಸ್ಪೀಕರ್ ವೈರ್, ಪ್ರೀಆಂಪಿನ ವೈರ್ ಬಿಚ್ಚು, ಪವರ್ ಆಂಪ್ ಒಂದನ್ನೇ ಹಚ್ಚಿ ಸ್ಪೀಕರ್ ಟರ್ಮಿನಲ್ಲಿನಾಗ ಡಿಸಿ ವೋಲ್ಟೇಜ್ ನೋಡು. ಹತ್ತಿಪ್ಪತ್ತು ಮಿಲಿವೋಲ್ಟ್ ಇದ್ರ ಚಿಂತಿಲ್ಲ. ವೋಲ್ಟಿನ ಲೆಕ್ಕದಾಗ ತೋರಿಸಿದ್ರ ಸ್ಪೀಕರ್ ಮತ್ತ ಜೋಡಿಸಬ್ಯಾಡ, ಸೀದಾ ಮೆಕ್ಯಾನಿಕ್ ಹತ್ರ ಒಯ್ಯಿ. ಗಾಜಿನ ಬುರುಡಿಯ ವಾಲ್ವ್ ಸೆಟ್ ಆಗಿದ್ರ ಈ ಪರೀಕ್ಷೆನೇ ಮಾಡಬ್ಯಾಡ. ಸ್ಪೀಕರ್ ಇಲ್ಲದೆ ಹಚ್ಚಿದ್ರ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು.